ಹತ್ತರ ತನಕ ಎಣಿಸಿದ ಕೈ

ನಮ್ಮ ಮನೆತನದಲ್ಲಿ ಹೇಳಿಕೊಳ್ಳುವಂಥದ್ದು ಒಂದೇ ಒಂದಿತ್ತು, ಅದು ನನ್ನ ಅಣ್ಣನ ಬಲಗೈ. ಓದಿ ಮುಂದೆ ಬಂದವರಿಲ್ಲ, ಆಸ್ತಿ ಮಾಡಿದವರಿಲ್ಲ, ನಾಲ್ಕು ಜನರೆದುರು ನಿಂತು ಮಾತಾಡಬಲ್ಲವರೂ ಇಲ್ಲ. ಆದರೆ ಬೇಕರಿಯ ಭಟ್ಟಿಯೊಳಗಿಂದ ಕಾದ ಟ್ರೇಯನ್ನು ಬಟ್ಟೆ ಹಿಡಿಯದೆ ಬರಿಗೈಯಲ್ಲಿ ಎಳೆದು, ಮೇಜಿನ ಮೇಲಿಟ್ಟು, ಅವಸರವಿಲ್ಲದೆ ಕೈ ತೆಗೆಯುವ ಮನುಷ್ಯ ಊರಿಗೆಲ್ಲ ಅವನೊಬ್ಬನೇ. ಜನ ಅವನನ್ನು ಭಟ್ಟಿಯಣ್ಣ ಎನ್ನುತ್ತಿದ್ದರು. ಅದೇ ಬೇಕರಿಯ ಮುಂದುಗಡೆ ಇಪ್ಪತ್ತಾರು ವರ್ಷ ಬ್ರೆಡ್ಡು ಕಟ್ಟಿಕೊಟ್ಟ ನಾನು ಭಟ್ಟಿಯಣ್ಣನ ತಮ್ಮ. ಅದರಾಚೆಗೆ ನನ್ನ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಅದಕ್ಕೆ ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು, ಈಗ ಮುಚ್ಚಿಟ್ಟು ಏನಾಗಬೇಕಿದೆ?

ಅಣ್ಣ ಹದಿನಾಲ್ಕನೇ ವಯಸ್ಸಿಗೆ ಭಟ್ಟಿಯ ಕೋಣೆ ಹೊಕ್ಕವನು. ತಲೆಗೆ ತಾಗುವಷ್ಟು ತಗ್ಗಿನ ಮಾಡು, ಹೊಗೆ ಹಿಡಿದ ಗೋಡೆ, ಮೂಲೆಯಲ್ಲಿ ಸೌದೆ, ಬಾಗಿಲ ಬಳಿ ನೀರಿನ ಬಕೆಟ್ಟು. ಅಲ್ಲಿ ಶಾಖ ಅಳೆಯುವ ಯಂತ್ರ ಇರಲಿಲ್ಲ, ಕೈಯೇ ಯಂತ್ರ. ಭಟ್ಟಿಯ ಬಾಯೊಳಗೆ ಅಂಗೈ ಚಾಚಿ ಎಣಿಸಬೇಕು. ಹತ್ತಕ್ಕೆ ಕೈ ತಡೆಯದಾದರೆ ಬ್ರೆಡ್ಡಿಗೆ ಹದ, ಆರಕ್ಕೇ ತಡೆಯದಾದರೆ ಬನ್ನಿಗೆ. ಹತ್ತು ದಾಟಿಯೂ ತಡೆದರೆ ಇನ್ನೂ ನಾಲ್ಕು ಸೌದೆ ತುರುಕು. ಹಳೆಯ ಮೇಸ್ತ್ರಿ ಕಲಿಸಿದ ಈ ಲೆಕ್ಕವನ್ನು ಅಣ್ಣ ನಲವತ್ತು ವರ್ಷ ತಪ್ಪದೆ ಎಣಿಸಿದ. ಅವನ ಬ್ರೆಡ್ಡಿನ ಬಣ್ಣ ಒಂದು ದಿನ ಇದ್ದಂತೆಯೇ ಮರುದಿನವೂ ಇರುತ್ತಿತ್ತು. "ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ, ನಮ್ಮಣ್ಣಂದು ಕೈ ಸುಟ್ರೆ ಬಾಯಿಗೆ ಬನ್ನು" ಎಂದು ನಾನು ಗಿರಾಕಿಗಳನ್ನು ನಗಿಸುತ್ತಿದ್ದೆ.

ಮದುವೆಯ ಮಾತು ಎರಡು ಸಲ ಬಂದು ಬಾಗಿಲಿನಿಂದಲೇ ಹೋಯಿತು. ಕೋಳಿ ಕೂಗುವ ಮೊದಲೇ ಎದ್ದು ಹೋಗುವ ಗಂಡು ಯಾವ ಹೆಣ್ಣಿಗೆ ಬೇಕು? ಅವನೂ ತಲೆ ಕೆಡಿಸಿಕೊಳ್ಳಲಿಲ್ಲ. ನಮ್ಮ ಮನೆಯ ಮೇಲಿನ ಒಂದೇ ಕೋಣೆಯಲ್ಲಿ ಇದ್ದುಬಿಟ್ಟ. ಒಂದು ಕಬ್ಬಿಣದ ಮಂಚ, ಗೋಡೆಗೆ ಎರಡು ಮೊಳೆ, ಮೊಳೆಗೊಂದೊಂದು ಅಂಗಿ. ಆಮೇಲೆ ಮಂಚದ ಕೆಳಗೆ ಒಂದು ಗೋಣಿಚೀಲ ಬಂತು, ಚೀಲದ ಮೇಲೆ ನಾಯಿ.

ಅದು ಬೇಕರಿಯ ಹಿತ್ತಲಿಗೆ ತಾನಾಗಿ ಬಂದ ಹೆಣ್ಣು ಮರಿ. ಹಿಟ್ಟಿನ ಖಾಲಿ ಚೀಲದೊಳಗೆ ತಲೆ ತೂರಿಸಿ, ಮುಖವೆಲ್ಲ ಬೆಳ್ಳಗೆ ಮಾಡಿಕೊಂಡು ನಿಂತಿತ್ತು. ಮೈಬಣ್ಣ ನೋಡಿ ಅಣ್ಣ ಅದಕ್ಕೆ ರಸ್ಕು ಎಂದು ಹೆಸರಿಟ್ಟ. ನಾನು 'ಅದು' ಎನ್ನುತ್ತಿದ್ದೆ, ಅವನು 'ಅವಳು' ಎನ್ನುತ್ತಿದ್ದ. ನಮ್ಮ ಜೊತೆ ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು, ಆ ನಾಯಿಯ ಜೊತೆ ಮೆಟ್ಟಿಲು ಹತ್ತುವಷ್ಟರಲ್ಲಿ ಇಪ್ಪತ್ತು ಆಡುತ್ತಿದ್ದ. ನನ್ನ ಹೆಂಡತಿ ಕೆಳಗಿನಿಂದ ಕೇಳಿಸಿಕೊಂಡು, "ಭಾವ ಇಷ್ಟು ಮಾತಾಡ್ತಾರೆ ಅಂತ ಈ ನಾಯಿ ಬಂದ ಮೇಲೇ ಗೊತ್ತಾಗಿದ್ದು" ಎನ್ನುತ್ತಿದ್ದಳು.

ಅವನಿಗೆ ಐವತ್ತೇಳಾದಾಗ ಬ್ರೆಡ್ಡಿನ ತಳ ಸೀಯಲು ಶುರುವಾಯಿತು. ಮೊದಲು ವಾರಕ್ಕೊಂದು ಟ್ರೇ, ಆಮೇಲೆ ದಿನಕ್ಕೊಂದು. ನಾನು ಮುಂದುಗಡೆ ಕುಳಿತು ಸೀದ ತಳವನ್ನು ಚಾಕುವಿನಿಂದ ಕೆರೆದು, ಕಾಗದದಲ್ಲಿ ಸುತ್ತಿ ಕೊಡುತ್ತಿದ್ದೆ. ಒಂದು ದಿನ ಏನಾಗುತ್ತಿದೆ ನೋಡೋಣ ಎಂದು ಒಳಗೆ ಹೋದೆ. ಭಟ್ಟಿ ಧಗಧಗ ಉರಿಯುತ್ತಿತ್ತು, ಬಾಗಿಲಲ್ಲಿ ನಿಂತ ನನ್ನ ಹುಬ್ಬೇ ಚುರುಗುಟ್ಟಿತು. ಅಣ್ಣ ಒಳಗೆ ಕೈ ಚಾಚಿ, ಎಂಟು, ಒಂಬತ್ತು, ಹತ್ತು, ಹನ್ನೊಂದು ಎಂದು ಎಣಿಸಿ, "ಇನ್ನೂ ಕಾದಿಲ್ಲ ಕಣೋ" ಎಂದು ಇನ್ನೊಂದು ಸೌದೆ ತುರುಕಿದ. ಅವನ ಮಣಿಕಟ್ಟಿನ ಕೂದಲು ಕರಟುತ್ತಿತ್ತು.

ನನಗೆ ಆವತ್ತೇ ಅರ್ಥವಾಯಿತು. ಕೈ ಸತ್ತುಹೋಗಿತ್ತು. ನಲವತ್ತು ವರ್ಷ ಬೆಂದು ಬೆಂದು ಅದಕ್ಕೆ ಬಿಸಿಯೂ ಇರಲಿಲ್ಲ, ತಂಪೂ ಇರಲಿಲ್ಲ. ಟ್ರೇ ಹಿಡಿದು ಹಿಡಿದು ಎಡಗೈಯದೂ ಅದೇ ಗತಿಯಾಗಿತ್ತು. ಬೇಕರಿಯ ಯಜಮಾನರಿಗೂ ಅರ್ಥವಾಗಿತ್ತು. ನನ್ನನ್ನು ಪಕ್ಕಕ್ಕೆ ಕರೆದು, "ನಿಮ್ಮಣ್ಣನ ಕೈ ಹೋಯ್ತು. ನೀನೇ ಹೇಳ್ಬಿಡು, ನನ್ನ ಬಾಯಿಂದ ಬರಲ್ಲ" ಎಂದರು.

ನನ್ನ ಬಾಯಿಂದಲೂ ಬರಲಿಲ್ಲ. ಊರೆಲ್ಲ ಹೊಗಳಿದ ಕೈ ಅದು. ಅವನಿಗೆ ಇದ್ದ ಒಂದೇ ಒಂದು ದೊಡ್ಡಸ್ತಿಕೆ. ಅದು ಹೋಯಿತು ಎಂದು ಹೇಗೆ ಹೇಳಲಿ? "ಕರೆಂಟಿನ ಭಟ್ಟಿ ತರಿಸ್ತಿದ್ದೀವಿ, ಅದಕ್ಕೆ ಆಳು ಬೇಡ ಅಂತ ಹೇಳೋಣ" ಎಂದು ಯಜಮಾನರಿಗೆ ದಾರಿ ತೋರಿಸಿದವನೇ ನಾನು. ಹಾಗೇ ಆಯಿತು. ಅಣ್ಣ ಏಪ್ರನ್ನು ಮಡಚಿಟ್ಟು ಮನೆಗೆ ಬಂದ. "ಮೆಷಿನ್ ಬಂದ್ಮೇಲೆ ಮನುಷ್ಯ ಯಾಕೆ" ಎಂದು ನಾಯಿಗೆ ಹೇಳಿದನಂತೆ. ನನಗೆ ಸಮಾಧಾನವಾಯಿತು. ಅಣ್ಣನ ಮಾನ ಉಳಿಸಿದೆ ಎಂದು ಬೀಗಿದೆ ಕೂಡ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದುಕೊಂಡೆ.

ಕೆಲಸ ಹೋದ ಮೇಲೆ ಎರಡು ತಿಂಗಳು ಅವನು ಮಂಚದ ಮೇಲೆ ಕುಳಿತೇ ಇದ್ದ. ಊಟಕ್ಕೆ ಕರೆದರೆ ಬಂದ, ಕರೆಯದಿದ್ದರೆ ಇಲ್ಲ. ಕೊನೆಗೆ ಅವನನ್ನು ಎಬ್ಬಿಸಿದ್ದು ರಸ್ಕು. ಕೊರಳ ಹಗ್ಗವನ್ನು ಬಾಯಲ್ಲಿ ಕಚ್ಚಿ ತಂದು ಅವನ ತೊಡೆಯ ಮೇಲೆ ಹಾಕಿ, ಹಾಕಿದ್ದನ್ನೇ ಮತ್ತೆ ಎತ್ತಿ ಹಾಕಿ, ಅವನು ಎದ್ದು ಚಪ್ಪಲಿ ಮೆಟ್ಟುವ ತನಕ ಬಿಡಲಿಲ್ಲ.

ನಮ್ಮ ಊರು ಮುಗಿಯುವುದು ಟೈರಿನ ಅಂಗಡಿಯ ಹಿಂದೆ. ಡಾಂಬರು ಅಲ್ಲಿಗೆ ನಿಲ್ಲುತ್ತದೆ, ಮರಳುಗಾಡು ಅಲ್ಲಿಂದ ಶುರು. ಅಲ್ಲೊಂದು ಕಾಲುದಾರಿ ಇದೆ. ಎರಡೂವರೆ ಕಿಲೋಮೀಟರ್ ನಡೆದರೆ ಗಾಳಿ ಕೊರೆದು ಮಾಡಿದ ದೊಡ್ಡ ಕಲ್ಲಿನ ಕಮಾನು ಸಿಗುತ್ತದೆ. ಅದನ್ನು ನೋಡಲು ಎಲ್ಲಿಂದಲೋ ಜನ ಟೋಪಿ, ಕೋಲು, ಬೆನ್ನಚೀಲ ಹಿಡಿದು ಬರುತ್ತಾರೆ. ದಾರಿಯುದ್ದಕ್ಕೂ ಮರವಿಲ್ಲ, ಗಿಡವಿಲ್ಲ. ದಾರಿ ತಪ್ಪಬಾರದೆಂದು ಅಲ್ಲಲ್ಲಿ ಕಲ್ಲಿಗೆ ಸುಣ್ಣ ಬಳಿದಿದ್ದಾರೆ. ಆ ಕಲ್ಲುಗಳ ಮಗ್ಗುಲಲ್ಲಿ ಸಿಗುವ ಗೇಣುದ್ದದ ನೆರಳೇ ನೆರಳು. ಅಣ್ಣ ಮತ್ತು ರಸ್ಕು ದಿನಾ ಬೆಳಿಗ್ಗೆ ಆರಕ್ಕೆ ಹೊರಟು, ಎಂಟಕ್ಕೆಲ್ಲ ಮನೆಗೆ ಬಂದುಬಿಡುತ್ತಿದ್ದರು. ಅವನ ಮುಖಕ್ಕೆ ಕಳೆ ಬಂತು. ಕಮಾನಿನ ಕೆಳಗೆ ಕೂತರೆ ತಣ್ಣನೆ ಗಾಳಿ ಬರುತ್ತದೆ, ಅಲ್ಲಿ ಅವಳು ಬೆನ್ನ ಮೇಲೆ ಉರುಳಾಡುತ್ತಾಳೆ ಎಂದೆಲ್ಲ ತಾನಾಗಿ ಹೇಳತೊಡಗಿದ.

ದಾರಿಯ ಮೊದಲಿಗೆ ತಗಡಿನ ಗೂಡಿನಲ್ಲಿ ಒಬ್ಬ ವಾಚ್‌ಮನ್ ಇರುತ್ತಾನೆ. ಬೇಸಿಗೆಯಲ್ಲಿ ಅವನದೊಂದು ನಿಯಮ. ನಾಯಿ ತಂದವರು ನೆಲಕ್ಕೆ ಅಂಗೈ ಊರಿ ಹತ್ತರ ತನಕ ಎಣಿಸಬೇಕು. ಕೈ ತಡೆದರೆ ಹೋಗಬಹುದು, ತಡೆಯದಿದ್ದರೆ ನಾಯಿಯ ಅಂಗಾಲೂ ತಡೆಯುವುದಿಲ್ಲ, ವಾಪಸ್. ಬಿಸಿಲೇರಿದ ಮೇಲೆ ಬಂದ ಜನ ನಾಲ್ಕಕ್ಕೋ ಐದಕ್ಕೋ "ಅಯ್ಯಪ್ಪಾ" ಎಂದು ಕೈ ಕಿತ್ತು, ಊದಿಕೊಂಡು, ನಾಯಿಯನ್ನು ಕಾರಿಗೆ ಹತ್ತಿಸುತ್ತಿದ್ದರಂತೆ. ಅಣ್ಣನಿಗೆ ಈ ಪರೀಕ್ಷೆ ಬಹಳ ಹಿಡಿಸಿತ್ತು. "ನಮ್ಮ ಭಟ್ಟಿ ಲೆಕ್ಕಾನೇ ನೋಡು, ಮರಳುಗಾಡಲ್ಲೂ ಅದೇ ನಡೆಯತ್ತೆ" ಎಂದು ಊಟದ ಹೊತ್ತಲ್ಲಿ ಹೇಳಿ ನಕ್ಕಿದ್ದ. ನಾನೂ ನಕ್ಕಿದ್ದೆ.

ಆ ದಿನ ನಲ್ಲಿಯ ಪೈಪು ಒಡೆದು ಅಡುಗೆಮನೆಯಲ್ಲಿ ನೀರೋ ನೀರು. ಪ್ಲಂಬರ್ ಬರುವ ತನಕ ಒಡೆದ ಜಾಗವನ್ನು ಬಟ್ಟೆಯಿಂದ ಒತ್ತಿ ಹಿಡಿಯಬೇಕಿತ್ತು, ಸರದಿಯ ಮೇಲೆ ನಾನು ಮತ್ತು ಅಣ್ಣ ಹಿಡಿದೆವು. ಪ್ಲಂಬರ್ ಬಂದಾಗ ಹತ್ತು ಗಂಟೆ. ಅವನು ಕೆಲಸ ಶುರುಮಾಡಿದ, ನಾನು ಪೈಪು ಹಿಡಿದು ನಿಂತೆ. ಅಣ್ಣ ಕೈ ಒರೆಸಿಕೊಂಡು ಹೊರಗೆ ಹೋದ. ರಸ್ಕು ಆರು ಗಂಟೆಯಿಂದ ಹಗ್ಗ ಕಚ್ಚಿಕೊಂಡು ಬಾಗಿಲಲ್ಲೇ ಕೂತಿತ್ತು.

"ಭಾವ, ಬಿಸಿಲು ಏರಿಬಿಟ್ಟಿದೆ. ಇವತ್ತೊಂದು ದಿನ ಬಿಡಿ" ಎಂದಳು ನನ್ನ ಹೆಂಡತಿ.

"ಇವಳು ಕೇಳಬೇಕಲ್ಲಮ್ಮ. ನೆಲ ಮುಟ್ಟಿ ನೋಡ್ತೀನಿ, ಕಾದಿದ್ರೆ ವಾಪಸ್ ಬರ್ತೀನಿ" ಎಂದ ಅಣ್ಣ. ಆಮೇಲೆ ಚಪ್ಪಲಿ ಬಿಟ್ಟು ದಪ್ಪ ಅಟ್ಟೆಯ ಬೂಟು ಹಾಕಿಕೊಳ್ಳುತ್ತ, "ಬಿಸಿ ಯಾವುದು ಅಂತ ನನಗೆ ಗೊತ್ತಾಗದೇ ಇನ್ಯಾರಿಗೆ ಗೊತ್ತಾಗತ್ತೆ?" ಎಂದ.

ಅಡುಗೆಮನೆಯಲ್ಲಿ ಪೈಪು ಹಿಡಿದು ನಿಂತಿದ್ದ ನನಗೆ ಆ ಮಾತು ಚೆನ್ನಾಗಿ ಕೇಳಿಸಿತು. ಬಾಯಿ ತೆರೆದೆ. ನನ್ನ ಹೆಂಡತಿ ಒಳಗೆ ಇಣುಕಿ, "ನೀವಾದ್ರೂ ಹೇಳ್ರೀ" ಎಂದಳು. ಪ್ಲಂಬರ್ ನನ್ನನ್ನೇ ನೋಡುತ್ತಿದ್ದ. ಹೊರಗಿನವನ ಎದುರು, ಇಷ್ಟು ದಿನ ಮುಚ್ಚಿಟ್ಟದ್ದನ್ನು, ಒದ್ದೆ ಬಟ್ಟೆ ಹಿಡಿದು ನಿಂತು ಹೇಗೆ ಹೇಳುವುದು? ವಾಚ್‌ಮನ್ ಹೇಗೂ ಬಿಡುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. "ಹೋಗ್ಲಿ ಬಿಡೆ, ಅವನಿಗೆ ಗೊತ್ತಾಗಲ್ವಾ" ಎಂದೆ.

ವಾಚ್‌ಮನ್ ಬಿಟ್ಟ. ಅವನು ಆಮೇಲೆ ಅತ್ತುಕೊಂಡೇ ಹೇಳಿದ. ಅಣ್ಣ ಕುಕ್ಕರಗಾಲಲ್ಲಿ ಕೂತು, ನೆಲಕ್ಕೆ ಅಂಗೈ ಪೂರಾ ಊರಿ, ಗಟ್ಟಿಯಾಗಿ ಹತ್ತರ ತನಕ ಎಣಿಸಿದನಂತೆ. ಮುಖ ಸ್ವಲ್ಪವೂ ಕದಲಲಿಲ್ಲ. "ಬೆಚ್ಚಗಿದೆ ಅಷ್ಟೇ" ಎಂದನಂತೆ. "ಭಟ್ಟಿಯಣ್ಣಂಗೆ ಬಿಸಿ ಪಾಠ ನಾನೇನ್ರೀ ಹೇಳ್ಲಿ? ಗೂಡಿಂದ ಇಳಿದು ಬಂದು ನಾನೊಂದು ಸಲ ಮುಟ್ಟಿ ನೋಡ್ಬೇಕಿತ್ತು" ಎಂದು ಹಣೆ ಹಣೆ ಬಡಿದುಕೊಂಡ. ನಾನು ಅವನ ಬೆನ್ನು ಸವರಿ ಸಮಾಧಾನ ಮಾಡಿದೆ. ನನ್ನ ನಾಟಕ ನೋಡಿ.

ದಾರಿಯಲ್ಲಿ ನಡೆದದ್ದನ್ನು ಅಣ್ಣ ಆಮೇಲೆ ಚೂರು ಚೂರಾಗಿ ಹೇಳಿದ. ಹತ್ತು ನಿಮಿಷವೂ ಆಗಿರಲಿಲ್ಲ, ರಸ್ಕು ಕಾಲು ಎತ್ತಿ ಎತ್ತಿ ಇಡತೊಡಗಿತು. ಮುಳ್ಳು ಚುಚ್ಚಿರಬೇಕೆಂದು ಅವನು ನಾಲ್ಕೂ ಕಾಲು ಹಿಡಿದು ಬೆರಳಾಡಿಸಿ ನೋಡಿದ. ಮುಳ್ಳಿರಲಿಲ್ಲ. ಅಂಗಾಲು ಕಾದಿರುವುದು ಅವನ ಬೆರಳಿಗೆ ತಿಳಿಯಲಿಲ್ಲ. ಮತ್ತೆ ನೆಲಕ್ಕೆ ಕೈಯಿಟ್ಟು ಹತ್ತು ಎಣಿಸಿದ. ಸರಿಯಾಗಿದೆ. ಸುಣ್ಣದ ಕಲ್ಲು ಸಿಕ್ಕಿದಲ್ಲೆಲ್ಲ ನಾಯಿ ಅದರ ಪಕ್ಕದ ಗೇಣು ನೆರಳಿಗೆ ಓಡಿ, ನಾಲ್ಕು ಕಾಲನ್ನೂ ಒಟ್ಟಿಗೆ ಕೂಡಿಸಿ ನಿಂತುಕೊಳ್ಳುತ್ತಿತ್ತು. ಅವನು ಮುಂದೆ ಹೋಗಿ ಕರೆದರೆ ಬರಲಿಲ್ಲ. "ಬೆಳಿಗ್ಗೆಯಿಂದ ಹಗ್ಗ ಕಚ್ಕೊಂಡು ಕುಣೀತಿದ್ದೆ, ಈಗೇನೇ ಸೋಮಾರಿ" ಎಂದು ಗದರಿದ. ಗದರಿದ ಮೇಲೆ ಬಂತು. ಮುಂದಿನ ಕಲ್ಲಿನ ಹತ್ತಿರ ಮತ್ತೆ ನಿಂತಿತು, ಮತ್ತೆ ಗದರಿದ, ಮತ್ತೆ ಬಂತು. ಅದು ಕುಂಯ್ ಎನ್ನಲೂ ಇಲ್ಲವಂತೆ. ಕಮಾನು ಕಾಣುತ್ತಿತ್ತು, ಅಲ್ಲಿ ತಂಪಿದೆ, ಅಲ್ಲಿ ತಲುಪಿದರೆ ಸರಿಹೋಗುತ್ತದೆ ಎಂದು ಅವನು ಬಿರಬಿರನೆ ಹೆಜ್ಜೆ ಹಾಕಿದ.

ಕಮಾನಿನ ಕೆಳಗೆ ಅದು ಉರುಳಾಡಲಿಲ್ಲ. ಮಲಗಿತು. ಉಸಿರು ತಿದಿಯೊತ್ತಿದ ಹಾಗೆ ಬರುತ್ತಿತ್ತು, ನಾಲಿಗೆ ಕಡುಕೆಂಪಾಗಿ ಬಾಯಿಂದಾಚೆ ಜೋತಿತ್ತು. ನೀರು ಕುಡಿಸೋಣವೆಂದು ಬಾಟಲಿ ಹಿಡಿದು ಬಗ್ಗಿದಾಗ ಅವನು ಹಿಂದಿನ ದಾರಿ ನೋಡಿದ. ಕೊನೆಯ ಸುಣ್ಣದ ಕಲ್ಲಿನಿಂದ ಕಮಾನಿನವರೆಗೆ ನೆಲದ ಮೇಲೆ ಹೆಜ್ಜೆ ಹೆಜ್ಜೆಗೂ ಕೆಂಪು ಗುರುತು. ಕಾಲು ತಿರುಗಿಸಿ ನೋಡಿದರೆ ಅಂಗಾಲಿನ ಚರ್ಮ ಸುಲಿದು ಜೋತಾಡುತ್ತಿತ್ತು.

ಎರಡು ಬಾಟಲಿ ನೀರನ್ನೂ ಅದಕ್ಕೇ ಸುರಿದ, ಬಾಯಿಗೆ ಸ್ವಲ್ಪ, ಕಾಲಿಗೆ ಉಳಿದದ್ದು. ಅಂಗಿ ಬಿಚ್ಚಿ, ಹರಿದು, ನಾಲ್ಕು ಕಾಲಿಗೂ ಕಟ್ಟಿದ. ಹಿಟ್ಟಿನ ಮೂಟೆ ಹೊರುವಂತೆ ನಾಯಿಯನ್ನು ಹೆಗಲಿಗೆ ಹಾಕಿಕೊಂಡು, ಬರಿಮೈಯಲ್ಲಿ, ನೆತ್ತಿಯ ಮೇಲೆ ಸೂರ್ಯ ನಿಂತಾಗ ಹಿಂದಕ್ಕೆ ನಡೆದ. ಎರಡು ಸಲ ಬಿದ್ದನಂತೆ. ಎರಡು ಸಲವೂ ತಾನು ಅಡಿಗೆ ಬಿದ್ದು ಅದನ್ನು ಮೇಲೆ ಹಿಡಿದನಂತೆ. ಅವನ ಬೆನ್ನಿನ ಮೇಲೆ ಆ ಗುರುತು ಈಗಲೂ ಇದೆ. ಬೆನ್ನಿಗೆ ಬಿಸಿ ಗೊತ್ತಾಗುತ್ತಿತ್ತು. ನೆಲ ಎಷ್ಟು ಕಾದಿದೆ ಎಂದು ಅವನಿಗೆ ಮೊದಲು ತಿಳಿದದ್ದು ಆಗಲೇ.

ವಾಚ್‌ಮನ್ ಫೋನು ಮಾಡಿ ನಾನು ಆಸ್ಪತ್ರೆ ಮುಟ್ಟುವಾಗ ರಸ್ಕು ಉದ್ದನೆ ಸ್ಟೀಲಿನ ಮೇಜಿನ ಮೇಲಿತ್ತು. ಪ್ರಾಣಿಗಳ ಡಾಕ್ಟರು ಒಬ್ಬ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಗ್ಲೂಕೋಸ್ ಹಾಕಿ, ಮೈಗೆಲ್ಲ ಒದ್ದೆ ಬಟ್ಟೆ ಹೊದಿಸಿ, ಫ್ಯಾನು ಇಟ್ಟಿದ್ದಳು. ಅವಳಿಗೆ ತಡೆಯಲಾರದ ಸಿಟ್ಟು ಬಂದಿತ್ತು.

"ಇಷ್ಟು ವಯಸ್ಸಾಗಿದೆ, ನೆಲ ಒಂದ್ಸಲ ಮುಟ್ಟಿ ನೋಡೋಕೆ ಆಗ್ಲಿಲ್ವಾ ನಿಮಗೆ?"

"ನೋಡ್ದೆ ತಾಯಿ. ಹತ್ತರ ತನಕ ಎಣಿಸ್ದೆ. ಎರಡು ಸಲ ಎಣಿಸ್ದೆ. ಬೇಕಾದ್ರೆ ವಾಚ್‌ಮನ್ನ ಕೇಳಿ."

ಅವಳು ಒಂದು ಗಳಿಗೆ ಅವನ ಮುಖ ನೋಡಿದಳು. ಅವನ ಬಲಗೈಯನ್ನು ಎತ್ತಿಕೊಂಡು ಬೆಳಕಿಗೆ ಹಿಡಿದಳು. ಅಂಗೈ ತುಂಬ ನೀರುಗುಳ್ಳೆ ಎದ್ದಿದ್ದವು, ಅವನಿನ್ನೂ ಅದನ್ನು ಗಮನಿಸಿರಲಿಲ್ಲ. ಅವನ ಕಣ್ಣು ನಾಯಿಯ ಮೇಲಿತ್ತು. ಅವಳು ಟ್ರೇಯಿಂದ ಒಂದು ಸೂಜಿ ತೆಗೆದು ಅವನ ಹೆಬ್ಬೆರಳ ಬುಡಕ್ಕೆ ಚುಚ್ಚಿದಳು. ಅವನು ತಿರುಗಲಿಲ್ಲ. ಬೆರಳ ತುದಿಗೆ ಚುಚ್ಚಿದಳು, ರಕ್ತದ ಹನಿ ಬಂತು. "ಉಸಿರು ಸ್ವಲ್ಪ ನಿಧಾನ ಆಯ್ತು ಅಲ್ವಾ ಡಾಕ್ಟ್ರೇ?" ಎಂದು ಅವನು ನಾಯಿಯನ್ನೇ ನೋಡುತ್ತ ಕೇಳಿದ.

ಅವಳ ಸಿಟ್ಟೆಲ್ಲ ಇಳಿದುಹೋಯಿತು. ಸೂಜಿ ಹಿಡಿದುಕೊಂಡೇ ನನ್ನ ಕಡೆ ನೋಡಿದಳು, ಮನೆಯವರಿಗೆ ಇದು ಗೊತ್ತೇ ಎನ್ನುವ ಹಾಗೆ. ನಾನು ತಲೆ ತಗ್ಗಿಸಿದೆ.

ರಸ್ಕು ಸಂಜೆ ನಾಲ್ಕಕ್ಕೆ ಸತ್ತಿತು. ಕಾಲು ಸುಟ್ಟದ್ದಕ್ಕಲ್ಲ, ಮೈಯೊಳಗೆಲ್ಲ ಕಾವು ಏರಿ ಅಂಗಾಂಗ ನಿಂತುಹೋದವು ಎಂದು ಡಾಕ್ಟರು ಹೇಳಿದಳು. ಸಾಯುವ ಸ್ವಲ್ಪ ಮುಂಚೆ ಅದು ಬಾಲವನ್ನು ಒಂದು ಸಲ ಮೇಜಿಗೆ ಬಡಿಯಿತು. ಅಣ್ಣ ಅಲ್ಲಿಯೇ ಇದ್ದ. ಆ ಒಂದು ಬಡಿತವನ್ನು ಅವನು ಇವತ್ತಿಗೂ ಕ್ಷಮಿಸಿಲ್ಲ. "ನನ್ನ ಕಚ್ಚಬೇಕಿತ್ತು ಅವಳು" ಎನ್ನುತ್ತಾನೆ.

ಆಮೇಲೆ ಎಂಟು ದಿನ ಅವನು ಕೋಣೆಯಿಂದ ಇಳಿಯಲಿಲ್ಲ. ಒಂಬತ್ತನೆಯ ದಿನ ಹತ್ತು ಗಂಟೆಗೆ ಕೆಳಗೆ ಬಂದು, "ತಮ್ಮಾ, ಬಾ ನನ್ನ ಜೊತೆ" ಎಂದ. ಎಲ್ಲಿಗೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಟೈರಿನ ಅಂಗಡಿ ದಾಟಿ, ತಗಡಿನ ಗೂಡು ದಾಟಿ, ಮೊದಲನೆಯ ಸುಣ್ಣದ ಕಲ್ಲಿನ ತನಕ ನಡೆದೆವು. ಕಣ್ಣು ಬಿಡಲಾಗದ ಬಿಸಿಲು. ಅವನು ನಿಂತು, "ಕೈ ಇಡು" ಎಂದ.

ನಾನು ಕುಕ್ಕರಗಾಲಲ್ಲಿ ಕೂತು ಅಂಗೈ ಊರಿದೆ. ಅವನು ಎಣಿಸತೊಡಗಿದ. "ಒಂದು. ಎರಡು." ಮೂರು ಎನ್ನುವಷ್ಟರಲ್ಲಿ ನನ್ನ ಕೈ ತಾನಾಗಿ ಮೇಲೆದ್ದು ಬಂತು, ಬಾಯಿಂದ ಕೂಗೂ ಬಂತು. ಅವನು ನನ್ನ ಕೆಂಪಾದ ಅಂಗೈಯನ್ನು ಬಹಳ ಹೊತ್ತು ನೋಡಿದ.

"ಮೂರೂ ಆಗ್ಲಿಲ್ಲ" ಎಂದ. "ಅವಳು ಎರಡೂವರೆ ಕಿಲೋಮೀಟರ್ ನಡೆದ್ಲು ಕಣೋ. ನಾನು ಬಿಸಿ ತಡ್ಕೋತೀನಿ ಅಂತ ಊರೆಲ್ಲ ಹೊಗಳ್ತು, ನಾನೂ ಬೀಗ್ದೆ. ತಡ್ಕೊಂಡಿದ್ದು ಅವಳು. ಅವಳಿಗೆ ನಾನು ಸೋಮಾರಿ ಅಂದೆ."

ನನಗೆ ಅಳು ಬಂತು, ಕೈಯ ಉರಿಗೋ ಯಾವುದಕ್ಕೋ. ಅವನು ಅಳಲಿಲ್ಲ. ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ, ಯಾರದೋ ವಸ್ತು ತನ್ನ ಬಳಿ ಉಳಿದುಹೋಗಿದೆ ಎನ್ನುವಂತೆ.

"ಡಾಕ್ಟ್ರು ಸೂಜಿ ಚುಚ್ಚಿದ್ದು ನಂಗೆ ಗೊತ್ತಾಗ್ಲಿಲ್ಲ, ಬೆರಳಲ್ಲಿ ರಕ್ತ ಕಂಡಿದ್ದು ಆಮೇಲೆ. ಆಗ ನಿನ್ನ ಮುಖ ನೋಡ್ದೆ" ಎಂದ. "ನಿಂಗೆ ಮೊದಲೇ ಗೊತ್ತಿತ್ತು. ಅಲ್ವಾ?"

ಸುಳ್ಳು ಹೇಳಬಹುದಿತ್ತು. ಇಪ್ಪತ್ತಾರು ವರ್ಷ ಸೀದ ಬ್ರೆಡ್ಡನ್ನೂ ಒಳ್ಳೆಯ ಬ್ರೆಡ್ಡನ್ನೂ ಒಂದೇ ನಗುವಿನಲ್ಲಿ ಕಟ್ಟಿಕೊಟ್ಟ ಬಾಯಿ ನನ್ನದು. ಆವತ್ತು ಮಾತ್ರ ಅದಕ್ಕೆ ಸುಳ್ಳು ಸಿಗಲಿಲ್ಲ.

"ಗೊತ್ತಿತ್ತು ಅಣ್ಣ."

"ಯಾವಾಗಿಂದ?"

"ಬ್ರೆಡ್ಡು ಸೀಯೋಕೆ ಶುರುವಾದಾಗಿಂದ. ಮೆಷಿನ್ ಬಂದಿದ್ದಕ್ಕಲ್ಲ ನಿನ್ನ ಬಿಡಿಸಿದ್ದು."

ಅವನು ಬೈಯಲಿಲ್ಲ. ಕೆನ್ನೆಗೆ ಬಾರಿಸಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು, ಅದೂ ಮಾಡಲಿಲ್ಲ. "ಆವತ್ತು ಅಡುಗೆಮನೆಯಲ್ಲಿ ಇದ್ದೆ ನೀನು" ಎಂದಷ್ಟೇ ಹೇಳಿ, ಕೈಯನ್ನು ಜೇಬಿಗೆ ಹಾಕಿಕೊಂಡು ಊರಿನ ಕಡೆ ತಿರುಗಿದ. ನಾನು ಹಿಂದೆ ಹಿಂದೆ ನಡೆದೆ. ಮಾತು ಆಡಿದರೆ ಹೋಯಿತು ಎಂದು ಹಿರಿಯರು ಹೇಳುತ್ತಾರೆ, ಆಡದೆ ಹೋದದ್ದರ ಬಗ್ಗೆ ಅವರು ಏನೂ ಹೇಳಿಟ್ಟಿಲ್ಲ.

ಈಗ ಅವನಿಗೆ ಅರವತ್ತೊಂದು. ಮೇಲಿನ ಕೋಣೆಯಲ್ಲೇ ಇದ್ದಾನೆ. ಮಂಚದ ಕೆಳಗಿನ ಗೋಣಿಚೀಲವನ್ನು ತೆಗೆಯಲು ಬಿಟ್ಟಿಲ್ಲ. ಊಟಕ್ಕೆ ಬಂದಾಗ ಎಡಗೈಯಿಂದಲೂ ಬಲಗೈಯಿಂದಲೂ ಏನನ್ನೂ ನೇರವಾಗಿ ಮುಟ್ಟುವುದಿಲ್ಲ. ಚಹಾದ ಲೋಟ ಇಟ್ಟರೆ, ನೀರಿನ ಚೊಂಬು ಇಟ್ಟರೆ, ಮೊದಲು ಕೇಳುತ್ತಾನೆ, ಬಿಸಿ ಇದೆಯೇ ಎಂದು. ನನ್ನ ಹೆಂಡತಿಯನ್ನು ಕೇಳುತ್ತಾನೆ. ಅವಳು ಒಳಗಿದ್ದರೆ ಬರುವ ತನಕ ಕಾಯುತ್ತಾನೆ. ಯಾವತ್ತಾದರೂ ಬಂದ ನೆಂಟರನ್ನೂ ಕೇಳುತ್ತಾನೆ, ಪೇಪರ್ ಹಾಕಲು ಬಂದವನನ್ನೂ ಒಂದು ಸಲ ಕೇಳಿದ್ದ.

ಎದುರಿಗೇ ಕೂತಿರುತ್ತೇನೆ, ನನ್ನನ್ನು ಮಾತ್ರ ಕೇಳುವುದಿಲ್ಲ.